ಯಾರನ್ನು ಯಾರ ಜೊತೆ ಹೋಲಿಸುವುದು? ವಲಸೆಯನ್ನು ಅಧ್ಯಯನ ಮಾಡುವವರ ನಿಜವಾದ ಕಷ್ಟ

ಬೇರೆ ದೇಶದಿಂದ ಬಂದವರು ಹತ್ತು ಹದಿನೈದು ವರ್ಷ ದುಡಿದರೆ ಅಲ್ಲೇ ಹುಟ್ಟಿದವರ ಸಮಕ್ಕೆ ಸಂಪಾದಿಸುತ್ತಾರೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಬ್ಯಾರಿ ಚಿಸ್ವಿಕ್ 1978ರಲ್ಲಿ ಬರೆದರು. ಅವರು ಆಧರಿಸಿದ್ದು 1970ರ ಜನಗಣತಿಯನ್ನು. ಅದರಲ್ಲಿ ಹೊಸದಾಗಿ ಬಂದ ಗಂಡಸರ ಆದಾಯ ಕಡಿಮೆಯಿತ್ತು, ಇಪ್ಪತ್ತು ವರ್ಷಗಳ ಹಿಂದೆ ಬಂದವರದು ಜಾಸ್ತಿಯಿತ್ತು. ಬರಬರುತ್ತಾ ಭಾಷೆ ಬರುತ್ತದೆ, ಕೆಲಸದ ರೀತಿನೀತಿ ತಿಳಿಯುತ್ತದೆ, ನಾಲ್ಕು ಜನರ ಪರಿಚಯವಾಗುತ್ತದೆ, ಸಂಬಳ ಏರುತ್ತದೆ. ಓದಿದವರಿಗೆಲ್ಲ ಸರಿ ಎನಿಸುವ ವಿವರಣೆ.

ಏಳು ವರ್ಷಗಳ ನಂತರ ಜಾರ್ಜ್ ಬೋರ್ಹಾಸ್ ಒಂದು ಪ್ರಶ್ನೆ ಎತ್ತಿದರು. 1950ರಲ್ಲಿ ಬಂದವನೂ 1968ರಲ್ಲಿ ಬಂದವನೂ ಬೇರೆ ಬೇರೆ ಮನುಷ್ಯರಲ್ಲವೇ? ಮೊದಲನೆಯವನ ಇವತ್ತಿನ ಸಂಬಳವೇ ಎರಡನೆಯವನ ನಾಳಿನ ಸಂಬಳ ಎಂದು ಹೇಗೆ ಹೇಳುವುದು? 1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾಗಿತ್ತು. ಯಾವ ದೇಶಗಳಿಂದ, ಎಂಥ ಓದು ಮತ್ತು ಕಸುಬಿನ ಜನ ಬರುತ್ತಾರೆ ಎಂಬುದೂ ಅದರೊಂದಿಗೆ ಬದಲಾಗಿತ್ತು. ಬೋರ್ಹಾಸ್ 1970 ಮತ್ತು 1980ರ ಜನಗಣತಿಗಳನ್ನು ಪಕ್ಕಪಕ್ಕ ಇಟ್ಟು, ಒಂದೇ ಅವಧಿಯಲ್ಲಿ ಬಂದವರ ತಂಡ ಹತ್ತು ವರ್ಷಗಳಲ್ಲಿ ಎಲ್ಲಿಗೆ ಮುಟ್ಟಿತು ಎಂದು ನೋಡಿದರು. ಏರಿಕೆ ಇತ್ತು. ಚಿಸ್ವಿಕ್ ಕಂಡಷ್ಟು ಇರಲಿಲ್ಲ.

ಅಲ್ಲಿಗೂ ಮುಗಿಯಲಿಲ್ಲ. ತಂಡ ಒಂದೇ ಆದರೂ ಹತ್ತು ವರ್ಷಗಳ ನಂತರ ಅದರಲ್ಲಿ ಉಳಿದಿರುವವರು ಮೊದಲಿದ್ದವರೆಲ್ಲ ಅಲ್ಲ. ಕೆಲಸ ಕೈಹತ್ತದೆ ಕೆಲವರು ಊರಿಗೆ ಮರಳಿರುತ್ತಾರೆ, ಅವರು ಎರಡನೆಯ ಜನಗಣತಿಯಲ್ಲಿ ಸಿಗುವುದೇ ಇಲ್ಲ. ಕಡಿಮೆ ಸಂಪಾದಿಸುತ್ತಿದ್ದವರು ಪಟ್ಟಿಯಿಂದ ಹೊರಬಿದ್ದರೆ, ಯಾರೊಬ್ಬರ ಸಂಬಳ ಏರದಿದ್ದರೂ ಉಳಿದವರ ಸರಾಸರಿ ಏರಿದಂತೆ ಕಾಣುತ್ತದೆ. ಡ್ಯಾರೆನ್ ಲುಬಾಟ್‌ಸ್ಕಿ ಸಾಮಾಜಿಕ ಭದ್ರತಾ ಇಲಾಖೆಯ ಗಳಿಕೆ ದಾಖಲೆಗಳನ್ನು ಹಿಡಿದು ಅದೇ ವ್ಯಕ್ತಿಗಳನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಮೊದಲ ಇಪ್ಪತ್ತು ವರ್ಷಗಳಲ್ಲಿ ಆದಾಯದ ಅಂತರ ಕಡಿಮೆಯಾಗುವ ವೇಗ, ಜನಗಣತಿಗಳನ್ನು ಹೋಲಿಸಿ ಹೇಳುತ್ತಿದ್ದುದರ ಸುಮಾರು ಅರ್ಧ ಮಾತ್ರ.

ಒಂದೇ ಪ್ರಶ್ನೆಗೆ ಮೂರು ಉತ್ತರ. ಮೂವರಲ್ಲಿ ಯಾರೂ ಕೂಡಿಸಿ ಕಳೆಯುವುದರಲ್ಲಿ ತಪ್ಪಿರಲಿಲ್ಲ. ಬೇರೆಯಾದದ್ದು ಯಾರನ್ನು ಯಾರ ಜೊತೆ ಹೋಲಿಸಿದರು ಎಂಬುದು. ವಲಸೆ ಒಳ್ಳೆಯದೋ ಕೆಟ್ಟದ್ದೋ ಎಂದು ವಾದಿಸುವವರು ಎಲ್ಲ ದೇಶಗಳಲ್ಲೂ ಬೇಕಾದಷ್ಟಿದ್ದಾರೆ. ವಲಸೆಯನ್ನು ವೃತ್ತಿಯಾಗಿ ಅಧ್ಯಯನ ಮಾಡುವವರ ಆಯುಷ್ಯದ ಬಹುಭಾಗ ಕಳೆಯುವುದು ಸರಿಯಾದ ಹೋಲಿಕೆಯ ಹುಡುಕಾಟದಲ್ಲಿ, ಮತ್ತು ಲೆಕ್ಕದಿಂದ ಸದ್ದಿಲ್ಲದೆ ಜಾರಿಹೋದವರ ಹುಡುಕಾಟದಲ್ಲಿ. ಅವರ ಕೆಲಸ ಅರ್ಥವಾಗಬೇಕಾದರೆ ಇದೊಂದನ್ನು ಹಿಡಿದುಕೊಂಡರೆ ಸಾಕು ಎಂಬುದು ನನ್ನ ನಂಬಿಕೆ.

ಯಾಕೆ ಹೊರಡುತ್ತಾರೆ

ಈ ಅಧ್ಯಯನಕ್ಕೆ ತನ್ನದೇ ಆದ ಒಂದು ವಿಭಾಗವಿಲ್ಲ. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಭೂಗೋಳ, ಮಾನವಶಾಸ್ತ್ರ, ಜನಸಂಖ್ಯಾಶಾಸ್ತ್ರ, ಕಾನೂನು, ಮನಃಶಾಸ್ತ್ರ ಎಲ್ಲ ಕಡೆಯಿಂದಲೂ ಜನ ಇಲ್ಲಿಗೆ ಬರುತ್ತಾರೆ. ಮೊದಲ ಹೆಜ್ಜೆ ಇಟ್ಟವರಲ್ಲಿ ಒಬ್ಬರು ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ನಕ್ಷೆಗಾರ ಅರ್ನ್ಸ್ಟ್ ರಾವೆನ್‌ಸ್ಟೈನ್. ಬ್ರಿಟನ್ನಿನ 1871 ಮತ್ತು 1881ರ ಜನಗಣತಿಗಳನ್ನು ನೋಡಿ 1885ರಲ್ಲಿ ಅವರು ಕೆಲವು ನಿಯಮಗಳನ್ನು ಮುಂದಿಟ್ಟರು. ಬಹುಪಾಲು ಜನ ಹತ್ತಿರಕ್ಕೇ ಹೋಗುತ್ತಾರೆ, ಒಂದು ದಿಕ್ಕಿಗೆ ಜನ ಹರಿದರೆ ಎದುರು ದಿಕ್ಕಿಗೂ ಒಂದಷ್ಟು ಹರಿವು ಇದ್ದೇ ಇರುತ್ತದೆ, ಸಣ್ಣ ದೂರದ ವಲಸೆಯಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ವಲಸಿಗ ಎಂದರೆ ದೂರ ದೇಶಕ್ಕೆ ಹೊರಟ ಗಂಡಸು ಎಂಬ ಚಿತ್ರವನ್ನು ಆ ಕಾಲದಲ್ಲೇ ಅಂಕಿಗಳು ಒಪ್ಪಿರಲಿಲ್ಲ.

ಅಂಕಿಯ ದಾರಿ ಅದಾದರೆ, ಷಿಕಾಗೋದಲ್ಲಿ ಇನ್ನೊಂದು ದಾರಿ ತೆರೆಯಿತು. ವಿಲಿಯಂ ಥಾಮಸ್ ಅವರು ಅಮೆರಿಕಕ್ಕೆ ಬಂದ ಪೋಲಂಡಿನ ರೈತ ಕುಟುಂಬಗಳ ಖಾಸಗಿ ಪತ್ರಗಳನ್ನು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಹಣ ತೆತ್ತು ಸಂಗ್ರಹಿಸಿದರು. ಫ್ಲೋರಿಯನ್ ಜ್ನಾನಿಯೆಟ್ಸ್‌ಕಿ ಜೊತೆ ಸೇರಿ 1918ರಿಂದ 1920ರೊಳಗೆ ಐದು ಸಂಪುಟಗಳನ್ನು ಹೊರತಂದರು. ಹೋದವರೂ ಉಳಿದವರೂ ಒಬ್ಬರಿಗೊಬ್ಬರು ಬರೆದ ಮಾತುಗಳಲ್ಲಿ ಸಂಸಾರ ಹೇಗೆ ಹಿಗ್ಗಿತು, ಎಲ್ಲಿ ಹರಿಯಿತು ಎಂಬುದು ಮೊದಲ ಬಾರಿಗೆ ಅಷ್ಟು ವಿವರವಾಗಿ ದಾಖಲಾಯಿತು. ಅಂಕಿ ಹಿಡಿದವರು, ಮಾತು ಕೇಳುವವರು ಎಂಬ ಈ ಎರಡು ಬಳಗಗಳು ಇವತ್ತಿಗೂ ಇವೆ. ಎರಡೂ ಒಟ್ಟಿಗೆ ಕೂತಾಗಲೇ ಈ ಕ್ಷೇತ್ರದ ಅತ್ಯುತ್ತಮ ಕೆಲಸಗಳು ಹುಟ್ಟಿವೆ.

ಜನ ಯಾಕೆ ಹೊರಡುತ್ತಾರೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರಗಳು ಮೆಲ್ಲಮೆಲ್ಲನೆ ಬಲಗೊಂಡವು. ಇಲ್ಲಿಯ ಕಷ್ಟ ತಳ್ಳುತ್ತದೆ, ಅಲ್ಲಿಯ ಸುಖ ಸೆಳೆಯುತ್ತದೆ ಎಂಬುದು ಹಳೆಯ ಮಾತು. ಆದರೆ ಬಡತನವೇ ಕಾರಣವಾಗಿದ್ದರೆ ಕಡುಬಡವರೇ ಮೊದಲು ಹೊರಡಬೇಕಿತ್ತು, ಹಾಗಾಗುವುದು ಅಪರೂಪ. 1985ರಲ್ಲಿ ಓಡೆಡ್ ಸ್ಟಾರ್ಕ್ ಮತ್ತು ಡೇವಿಡ್ ಬ್ಲೂಮ್ ನಿರ್ಧಾರ ಒಬ್ಬ ವ್ಯಕ್ತಿಯದಲ್ಲ, ಮನೆಯದು ಎಂದು ತೋರಿಸಿದರು. ಮಳೆ ಕೈಕೊಟ್ಟರೂ, ಬೆಳೆಗೆ ಬೆಲೆ ಬಿದ್ದರೂ ಒಂದು ಕಡೆಯಿಂದಾದರೂ ಹಣ ಬರಲಿ ಎಂದು ಕುಟುಂಬ ತನ್ನವರಲ್ಲಿ ಒಬ್ಬರನ್ನು ದೂರಕ್ಕೆ ಕಳಿಸುತ್ತದೆ. ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸ್ಸಿ ಇದಕ್ಕೆ ನಂಟಸ್ತಿಕೆಯ ಬಲೆಯನ್ನು ಸೇರಿಸಿದರು. ಮೊದಲು ಹೋದವನಿಗೆ ದಾರಿ ದುಬಾರಿ. ಅವನ ತಮ್ಮನಿಗೆ ಇಳಿದುಕೊಳ್ಳಲು ಮನೆ ಇದೆ, ಕೆಲಸ ಕೊಡಿಸುವವರಿದ್ದಾರೆ. ಹೀಗೆ ಶುರುವಾದ ಕಾರಣ ಮುಗಿದ ಮೇಲೂ ವಲಸೆ ತನ್ನ ಬಲದಿಂದಲೇ ಮುಂದುವರಿಯುತ್ತದೆ.

ಇಲ್ಲಿಯೂ ಹೋಲಿಕೆಯ ತೊಡಕು ಕಾಣಿಸಿಕೊಳ್ಳುತ್ತದೆ. ಹಲವು ದೇಶಗಳನ್ನು ಆದಾಯದ ಕ್ರಮದಲ್ಲಿ ಇಟ್ಟು ನೋಡಿದರೆ ಕಡುಬಡ ದೇಶಗಳಿಗಿಂತ ಮಧ್ಯಮ ಆದಾಯದ ದೇಶಗಳಿಂದಲೇ ಹೆಚ್ಚು ಜನ ಹೊರಹೋಗುವುದು ಕಾಣುತ್ತದೆ. ಹೈನ್ ಡಿ ಹಾಸ್ ಮುಂತಾದವರು ಇದನ್ನು ಹೊರಡುವ ಆಸೆ ಮತ್ತು ಹೊರಡುವ ಶಕ್ತಿ ಎರಡೂ ಅಭಿವೃದ್ಧಿಯ ಜೊತೆ ಬೆಳೆಯುವುದರಿಂದ ಎಂದು ವಿವರಿಸುತ್ತಾರೆ. ಆದರೆ ಇವತ್ತಿನ ಬಡ ದೇಶ ನಾಳೆ ಇವತ್ತಿನ ಮಧ್ಯಮ ದೇಶದ ಹಾಗೆಯೇ ಆಗುತ್ತದೆಯೇ? ಚಿಸ್ವಿಕ್‌ಗೆ ಬೋರ್ಹಾಸ್ ಕೇಳಿದ ಪ್ರಶ್ನೆಯೇ ಇದು, ವ್ಯಕ್ತಿಯ ಜಾಗದಲ್ಲಿ ದೇಶ ಬಂದಿದೆ ಅಷ್ಟೇ. ಒಂದೇ ದೇಶವನ್ನು ಕಾಲದುದ್ದಕ್ಕೂ ಹಿಂಬಾಲಿಸಿದ ಈಚಿನ ಕೆಲವು ಅಧ್ಯಯನಗಳು ಬೇರೆಯೇ ಫಲಿತಾಂಶ ಕಂಡಿವೆ. ಚರ್ಚೆ ನಡೆಯುತ್ತಿದೆ.

ಎಣಿಸುವುದು ಸುಲಭವಲ್ಲ

ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿ ಬದುಕುತ್ತಿದ್ದವರು ಸುಮಾರು 30.4 ಕೋಟಿ, ಅಂದರೆ ಜಗತ್ತಿನ ಜನಸಂಖ್ಯೆಯ 3.7%. 1990ರಲ್ಲಿ ಈ ಪಾಲು 2.9% ಇತ್ತು. ನೂರಕ್ಕೆ ತೊಂಬತ್ತಾರಕ್ಕೂ ಹೆಚ್ಚು ಜನ ತಮ್ಮ ದೇಶದಲ್ಲೇ ಇದ್ದಾರೆ ಎಂಬುದನ್ನು ವಲಸೆಯ ಸುದ್ದಿ ಓದುವಾಗ ನಾವು ಮರೆಯುತ್ತೇವೆ. ಕೆಲವು ಸಂಶೋಧಕರು ಹೋಗದವರನ್ನೇ ಅಧ್ಯಯನ ಮಾಡುವುದು ಅದಕ್ಕೇ. ಯೋರ್ಗನ್ ಕಾರ್ಲಿಂಗ್ ಕೇಪ್ ವರ್ಡಿ ದ್ವೀಪಗಳಲ್ಲಿ, ಹೋಗುವ ಆಸೆ ಗಾಢವಾಗಿದ್ದೂ ದಾರಿಯಿಲ್ಲದೆ ಉಳಿದವರ ಬದುಕನ್ನು 2002ರಲ್ಲಿ ವಿವರಿಸಿದರು.

ಎಣಿಕೆಗೆ ಒಂದು ಗೆರೆ ಬೇಕು. ಸಾಮಾನ್ಯವಾಗಿ ಕನಿಷ್ಠ ಹನ್ನೆರಡು ತಿಂಗಳ ಕಾಲ ವಾಸದ ದೇಶ ಬದಲಿಸಿದವರನ್ನು ದೀರ್ಘಾವಧಿಯ ವಲಸಿಗರೆಂದು ಲೆಕ್ಕ ಹಾಕುತ್ತಾರೆ. ಹಾಗಾದರೆ ವರ್ಷದಲ್ಲಿ ಎಂಟು ತಿಂಗಳು ಹೊರಗಿದ್ದು ಮರಳುವ ಹೊಲಗೆಲಸದವರು ಲೆಕ್ಕದ ಹೊರಗೆ. ಒಂದು ದಿನವೂ ಕದಲದವರು ಲೆಕ್ಕದ ಒಳಗೆ ಬಂದದ್ದೂ ಉಂಟು: 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ, ಒಂದು ಗಣರಾಜ್ಯದಲ್ಲಿ ಹುಟ್ಟಿ ಇನ್ನೊಂದರಲ್ಲಿ ವಾಸವಾಗಿದ್ದ ಕೋಟಿಗಟ್ಟಲೆ ಜನ ರಾತ್ರೋರಾತ್ರಿ ಅಂತರರಾಷ್ಟ್ರೀಯ ವಲಸಿಗರಾದರು.

ದೇಶದಿಂದ ದೇಶಕ್ಕೆ ದಾಖಲೆಯ ರೀತಿಯೂ ಬೇರೆ. ನಾರ್ಡಿಕ್ ದೇಶಗಳಲ್ಲಿ ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಇದ್ದು, ಅದರ ಮೂಲಕ ಓದು, ಉದ್ಯೋಗ, ತೆರಿಗೆಯ ದಾಖಲೆಗಳನ್ನು ಜೋಡಿಸಬಹುದು. ಫ್ರಾನ್ಸಿನ ಜನಗಣತಿಯಲ್ಲಿ ಜನಾಂಗವನ್ನು ಕೇಳುವುದೇ ಇಲ್ಲ. ಅಲ್ಲಿ ವಲಸಿಗರ ಮಕ್ಕಳ ಸ್ಥಿತಿ ತಿಳಿಯಲು 2008–09ರಲ್ಲಿ ಪ್ರತ್ಯೇಕವಾಗಿ ಒಂದು ದೊಡ್ಡ ಸಮೀಕ್ಷೆಯನ್ನೇ ನಡೆಸಬೇಕಾಯಿತು. ಜರ್ಮನಿ ತಂದೆತಾಯಿಯರ ಮೂಲವನ್ನೂ ಹಿಡಿದು ಎಣಿಸತೊಡಗಿದ್ದು 2005ರಿಂದ. ಹೀಗಿರುವಾಗ ಎರಡು ದೇಶಗಳ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿ ಕಂಡರೆ ಸ್ವಲ್ಪ ತಡೆದು ಓದುವುದು ಒಳ್ಳೆಯದು.

ಹೋಗಿರದಿದ್ದರೆ ಏನಾಗುತ್ತಿತ್ತು

ವಲಸೆ ಹೋಗಿದ್ದರಿಂದ ಒಬ್ಬನಿಗೆ ಎಷ್ಟು ಲಾಭವಾಯಿತು? ಇದನ್ನು ತಿಳಿಯಲು ಅವನು ಹೋಗದೇ ಇದ್ದಿದ್ದರೆ ಎಷ್ಟು ಸಂಪಾದಿಸುತ್ತಿದ್ದ ಎಂದು ಗೊತ್ತಿರಬೇಕು. ಆ ಬದುಕು ನಡೆದೇ ಇಲ್ಲ. ಊರಲ್ಲಿ ಉಳಿದ ನೆರೆಯವನ ಜೊತೆ ಹೋಲಿಸೋಣವೆಂದರೆ, ಹೊರಟವನು ಮೊದಲೇ ಹೆಚ್ಚು ಛಲದವನೋ, ಹೆಚ್ಚು ಓದಿದವನೋ, ಕೈಯಲ್ಲಿ ನಾಲ್ಕು ಕಾಸು ಇದ್ದವನೋ ಆಗಿರಬಹುದು. ಓದನ್ನು ಅಳೆಯಬಹುದು, ಛಲವನ್ನು ಅಳೆಯುವುದು ಹೇಗೆ?

ಇದಕ್ಕೆ ಸಿಕ್ಕ ಅತ್ಯಂತ ಚೆಂದದ ಉತ್ತರ ಟೊಂಗಾ ದ್ವೀಪರಾಷ್ಟ್ರದಿಂದ ಬಂತು. ನ್ಯೂಜಿಲೆಂಡ್ 2002ರಲ್ಲಿ ಒಂದು ಯೋಜನೆ ಆರಂಭಿಸಿ ವರ್ಷಕ್ಕೆ 250 ಟೊಂಗಾ ನಾಗರಿಕರಿಗೆ ನೆಲೆಸಲು ಅವಕಾಶ ಕೊಟ್ಟಿತು. ಅರ್ಜಿಗಳು ಅದಕ್ಕಿಂತ ಬಹಳ ಹೆಚ್ಚು ಬರುತ್ತಿದ್ದುದರಿಂದ ಲಾಟರಿ ಎತ್ತಿದರು. ಗೆದ್ದವರೂ ಸೋತವರೂ ಇಬ್ಬರೂ ಹೊರಡಲು ಬಯಸಿದವರೇ; ಛಲದಲ್ಲಿ, ಕನಸಿನಲ್ಲಿ ವ್ಯತ್ಯಾಸವಿಲ್ಲ, ಚೀಟಿಯಲ್ಲಿ ಮಾತ್ರ. ಡೇವಿಡ್ ಮೆಕೆಂಜಿ, ಜಾನ್ ಗಿಬ್ಸನ್ ಮತ್ತು ಸ್ಟೀವನ್ ಸ್ಟಿಲ್‌ಮನ್ ಈ ಎರಡೂ ಗುಂಪುಗಳನ್ನು ಮನೆಮನೆಗೆ ಹೋಗಿ ಮಾತಾಡಿಸಿದರು. ಹೋದವರ ದುಡಿಮೆಯ ಆದಾಯ ಮೊದಲ ವರ್ಷದಲ್ಲೇ 263% ಹೆಚ್ಚಿತ್ತು. ಅರ್ಜಿಯನ್ನೇ ಹಾಕದವರೊಂದಿಗೆ ಹೋಲಿಸುವ ಸಾಮಾನ್ಯ ವಿಧಾನಗಳಲ್ಲಿ ಬಹುಪಾಲು ಈ ಲಾಭವನ್ನು 20%ರಿಂದ 82%ರಷ್ಟು ಉಬ್ಬಿಸಿ ತೋರಿಸುತ್ತಿದ್ದವು. ಲಾಭ ನಿಜವಾಗಿಯೂ ದೊಡ್ಡದು, ಆದರೂ ಆ ಸಾಮಾನ್ಯ ವಿಧಾನಗಳು ತೋರಿಸುತ್ತಿದ್ದ ಲಾಭದಲ್ಲಿ ಒಂದು ಪಾಲು ಹೊರಟವರ ಗುಣದಿಂದ ಬಂದದ್ದು.

ಬಂದವರಿಂದ ಸ್ಥಳೀಯರ ಸಂಬಳ ಇಳಿಯುತ್ತದೆಯೇ ಎಂಬ ಪ್ರಶ್ನೆಗೆ ಇಷ್ಟು ನಿಚ್ಚಳವಾದ ಉತ್ತರ ಸಿಕ್ಕಿಲ್ಲ. ಎಲ್ಲರೂ ಮರಳಿ ಮರಳಿ ಹೋಗುವುದು ಒಂದೇ ಘಟನೆಗೆ. 1980ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕ್ಯೂಬಾದ ಮರಿಯೆಲ್ ಬಂದರಿನಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಅಮೆರಿಕಕ್ಕೆ ಬಂದರು. ಅವರಲ್ಲಿ ಬಹಳ ಮಂದಿ ನಿಂತದ್ದು ಮಯಾಮಿಯಲ್ಲಿ. ಆ ನಗರದ ದುಡಿಯುವವರ ಸಂಖ್ಯೆ ಕೆಲವೇ ತಿಂಗಳಲ್ಲಿ 7% ಏರಿತು. ಡೇವಿಡ್ ಕಾರ್ಡ್ 1990ರಲ್ಲಿ ಮಯಾಮಿಯನ್ನು ಅಟ್ಲಾಂಟಾ, ಹ್ಯೂಸ್ಟನ್, ಲಾಸ್ ಏಂಜಲೀಸ್ ಮತ್ತು ಟ್ಯಾಂಪಾ ಪ್ರದೇಶದೊಂದಿಗೆ ಹೋಲಿಸಿ, ಸ್ಥಳೀಯರ ಸಂಬಳದ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ ಎಂದರು. 2017ರಲ್ಲಿ ಬೋರ್ಹಾಸ್, ಸ್ವತಃ ಬಾಲ್ಯದಲ್ಲಿ ಕ್ಯೂಬಾದಿಂದ ಬಂದವರು, ಹೈಸ್ಕೂಲು ಮುಗಿಸದ, ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರು) ಅಲ್ಲದ ಗಂಡಸರನ್ನಷ್ಟೇ ಬೇರ್ಪಡಿಸಿ ನೋಡಿದರು. ಅವರ ಸಂಬಳ 10%ರಿಂದ 30%ರಷ್ಟು ಕುಸಿದಿತ್ತು. ಆಗ ಮೈಕೆಲ್ ಕ್ಲೆಮೆನ್ಸ್ ಮತ್ತು ಜೆನಿಫರ್ ಹಂಟ್ ಬೋರ್ಹಾಸ್ ಆಧರಿಸಿದ್ದ ಸಮೀಕ್ಷೆಯ ಒಳಹೊಕ್ಕರು. ಹಾಗೆ ಬೇರ್ಪಡಿಸಿದ ಗುಂಪಿನಲ್ಲಿ ವರ್ಷಕ್ಕೆ ಸಿಗುತ್ತಿದ್ದವರು ಇಪ್ಪತ್ತರ ಆಸುಪಾಸಿನ ಜನ. ಅದೇ ಸಮಯಕ್ಕೆ ಸಮೀಕ್ಷೆಯಲ್ಲಿ ಕಪ್ಪು ಗಂಡಸರ ಪಾಲು ಹೆಚ್ಚಾಗಿತ್ತು, ಅವರ ಸಂಬಳ ಮೊದಲಿನಿಂದಲೂ ಕಡಿಮೆಯಿತ್ತು. ಕುಸಿತದ ದೊಡ್ಡ ಪಾಲು ಪ್ರಶ್ನೆಗೆ ಉತ್ತರ ಕೊಟ್ಟವರು ಬದಲಾದದ್ದರಿಂದ ಕಂಡದ್ದಾಗಿರಬಹುದು ಎಂಬುದು ಅವರ ವಾದ. ಬೋರ್ಹಾಸ್ ಒಪ್ಪಿಲ್ಲ. ನನಗೆ ಕ್ಲೆಮೆನ್ಸ್ ಮತ್ತು ಹಂಟ್ ಅವರ ವಾದ ಹೆಚ್ಚು ಗಟ್ಟಿ ಎನಿಸುತ್ತದೆ. ಆದರೆ ಕಡಿಮೆ ಓದಿದವರನ್ನು ಪ್ರತ್ಯೇಕವಾಗಿ ನೋಡಬೇಕು ಎಂಬ ಬೋರ್ಹಾಸ್ ಅವರ ಒತ್ತಾಯವೂ ನ್ಯಾಯವಾದದ್ದೇ, ಏಕೆಂದರೆ ನಗರದ ಸರಾಸರಿಯಲ್ಲಿ ಬಡವನ ಪೆಟ್ಟು ಮುಚ್ಚಿಹೋಗುವುದು ಸುಲಭ.

ಬೆರೆಯುವುದನ್ನು ಅಳೆಯುವುದು

ಬಂದವರು ಬೆರೆತರೇ ಎಂಬುದು ಇನ್ನೂ ಕಠಿಣ ಪ್ರಶ್ನೆ. ಹೊಸ ನಾಡಿನಲ್ಲಿ ಕರಗಿಹೋಗುವುದೇ ಕೊನೆಯ ಘಟ್ಟ ಎಂದು ಒಂದು ಕಾಲದಲ್ಲಿ ಭಾವಿಸಿದ್ದರು. 1964ರಲ್ಲಿ ಮಿಲ್ಟನ್ ಗಾರ್ಡನ್ ಅದನ್ನು ಏಳು ಮುಖಗಳಾಗಿ ಬಿಡಿಸಿದರು: ಭಾಷೆ, ಉಡುಗೆ ಬದಲಾದರೂ ಗೆಳೆತನ, ಮದುವೆ ಬೇರೆಯೇ ಉಳಿಯಬಹುದು. ಅಲೆಹಾಂಡ್ರೊ ಪೋರ್ಟೆಸ್ ಮತ್ತು ಮಿನ್ ಝೋ 1993ರಲ್ಲಿ ಇನ್ನೊಂದು ಪ್ರಶ್ನೆ ಕೇಳಿದರು: ಸಮಾಜದ ಯಾವ ಭಾಗದೊಳಗೆ ಬೆರೆಯುವುದು? ಬಡಾವಣೆಯ ಬಡತನದೊಳಗೆ ಬೆರೆತ ಮಗು ಬೆರೆತೂ ಸೋಲಬಹುದು, ತನ್ನವರ ಬಿಗಿಯಾದ ಬಳಗದೊಳಗೇ ಉಳಿದ ಮಗು ಶಾಲೆಯಲ್ಲಿ ಮುಂದೆ ಬರಬಹುದು. ಅಲಾಸ್ಟೇರ್ ಏಗರ್ ಮತ್ತು ಅಲಿಸನ್ ಸ್ಟ್ರ್ಯಾಂಗ್ ನಿರಾಶ್ರಿತರ ಬಗ್ಗೆ 2008ರಲ್ಲಿ ಕೊಟ್ಟ ಚೌಕಟ್ಟಿನಲ್ಲಿ ಉದ್ಯೋಗ, ಮನೆ, ಓದು, ಆರೋಗ್ಯದ ಜೊತೆಗೆ ತನ್ನವರೊಂದಿಗಿನ ನಂಟು, ಇತರರೊಂದಿಗಿನ ನಂಟು, ಸರ್ಕಾರದೊಂದಿಗಿನ ನಂಟು, ಭಾಷೆ, ಸುರಕ್ಷತೆ ಇವೆ. ಎಲ್ಲಕ್ಕೂ ಅಡಿಗಲ್ಲಾಗಿ ಹಕ್ಕುಗಳು ಮತ್ತು ಪೌರತ್ವ.

ಪೌರತ್ವ ಅಡಿಗಲ್ಲೋ, ಚೆನ್ನಾಗಿ ಬೆರೆತವರಿಗೆ ಕೊನೆಯಲ್ಲಿ ಕೊಡುವ ಬಹುಮಾನವೋ? ಇದರ ಮೇಲೆ ಸರ್ಕಾರಗಳು ಬೀಳುತ್ತವೆ, ಏಳುತ್ತವೆ. ಪೌರತ್ವ ಪಡೆದವರನ್ನು ಪಡೆಯದವರೊಂದಿಗೆ ಹೋಲಿಸಿ ಪ್ರಯೋಜನವಿಲ್ಲ, ಏಕೆಂದರೆ ಅರ್ಜಿ ಹಾಕಿ ಗೆದ್ದವರು ಮೊದಲೇ ಬೆರೆತವರಾಗಿರಬಹುದು. ಸ್ವಿಟ್ಜರ್ಲೆಂಡಿನ ಕೆಲವು ಪುರಸಭೆಗಳಲ್ಲಿ 2003ರವರೆಗೂ ಒಂದು ವಿಚಿತ್ರ ಪದ್ಧತಿ ಇತ್ತು. ಒಬ್ಬೊಬ್ಬ ಅರ್ಜಿದಾರನಿಗೂ ಪೌರತ್ವ ಕೊಡಬೇಕೇ ಎಂದು ಊರಿನ ಮತದಾರರು ಗುಪ್ತ ಮತ ಹಾಕುತ್ತಿದ್ದರು. ಯುಗೊಸ್ಲಾವಿಯ ಮತ್ತು ಟರ್ಕಿಯಿಂದ ಬಂದವರು ಉಳಿದವರಿಗಿಂತ ಬಹಳ ಹೆಚ್ಚು ತಿರಸ್ಕೃತರಾಗುತ್ತಿದ್ದರು. ಕೊನೆಗೆ ಅಲ್ಲಿನ ಉನ್ನತ ನ್ಯಾಯಾಲಯ ಈ ಪದ್ಧತಿಯನ್ನೇ ನಿಲ್ಲಿಸಿತು. ಜೆನ್ಸ್ ಹೈನ್‌ಮ್ಯುಲ್ಲರ್, ಡೊಮಿನಿಕ್ ಹಾಂಗಾರ್ಟ್‌ನರ್ ಮತ್ತು ಸಂಗಡಿಗರು ಆ ಅನ್ಯಾಯದ ದಾಖಲೆಗಳಲ್ಲೇ ಒಂದು ಉತ್ತರ ಹುಡುಕಿದರು. ಕೆಲವೇ ಮತಗಳಿಂದ ಗೆದ್ದವರು ಮತ್ತು ಕೆಲವೇ ಮತಗಳಿಂದ ಸೋತವರು ಬೇರೆಲ್ಲ ರೀತಿಯಲ್ಲೂ ಹೆಚ್ಚುಕಡಿಮೆ ಒಂದೇ. ವರ್ಷಗಳ ನಂತರ ವಿಚಾರಿಸಿದಾಗ ಗೆದ್ದವರು ಸಾಮಾಜಿಕ ಬದುಕಿನಲ್ಲೂ ರಾಜಕೀಯದಲ್ಲೂ ಹೆಚ್ಚು ಬೆರೆತಿದ್ದರು, ಬೇಗ ಪೌರತ್ವ ಪಡೆದವರಲ್ಲಿ ಇದು ಇನ್ನೂ ಗಾಢವಾಗಿತ್ತು. ಕನಿಷ್ಠ ಅಲ್ಲಿಯ ಮಟ್ಟಿಗೆ ಪೌರತ್ವ ಬೆರೆಯುವಿಕೆಯ ಫಲ ಮಾತ್ರವಲ್ಲ, ಕಾರಣವೂ ಹೌದು.

ಅದೇ ದೇಶದಲ್ಲಿ ಅದೇ ಸಂಶೋಧಕರು ಆಶ್ರಯ ಕೋರಿದವರ ದಾಖಲೆಗಳನ್ನು ನೋಡಿದಾಗ, ತೀರ್ಮಾನಕ್ಕಾಗಿ ಕಾಯಬೇಕಾದ ಒಂದೊಂದು ಹೆಚ್ಚುವರಿ ವರ್ಷವೂ ಮುಂದೆ ಉದ್ಯೋಗ ಸಿಗುವ ಪ್ರಮಾಣವನ್ನು 4ರಿಂದ 5 ಶೇಕಡಾ ಅಂಶಗಳಷ್ಟು ಇಳಿಸಿತ್ತು. ಯುದ್ಧವನ್ನು ದಾಟಿ ಬಂದವರ ಬದುಕನ್ನು ಕಚೇರಿಯೊಂದರ ನಿಧಾನ ಹೀಗೆ ಕುಗ್ಗಿಸುತ್ತದೆ ಎಂಬುದು ನನ್ನನ್ನು ಈ ಇಡೀ ಸಾಹಿತ್ಯದಲ್ಲಿ ಅತಿ ಹೆಚ್ಚು ಕಾಡುವ ಸಂಗತಿ. ಭಾಷೆ ಕಲಿಸುವ ತರಗತಿಗಿಂತ ಮೊದಲು ಕಡತ ಬೇಗ ಮುಗಿಸುವುದು ಯಾವ ಸರ್ಕಾರಕ್ಕೂ ಸಾಧ್ಯವಾಗುವ ಕೆಲಸ.

ಮನಸ್ಸಿನ ಒಲವನ್ನು ಅಳೆಯಲು ರಾನ್ ಅಬ್ರಮಿಟ್ಸ್‌ಕಿ, ಲಿಯಾ ಬೂಸ್ಟನ್ ಮತ್ತು ಕ್ಯಾಥರೀನ್ ಎರಿಕ್ಸನ್ ಮಕ್ಕಳ ಹೆಸರುಗಳನ್ನು ಆರಿಸಿಕೊಂಡರು. ಇಲ್ಲಿ ಹೋಲಿಕೆ ಒಂದೇ ಮನೆಯ ಅಕ್ಕ ತಮ್ಮಂದಿರ ನಡುವೆ, ಅಂದರೆ ಅದೇ ತಾಯಿ ಬಂದ ಹೊಸದರಲ್ಲಿ ಇಟ್ಟ ಹೆಸರು ಮತ್ತು ವರ್ಷಗಳ ನಂತರ ಇಟ್ಟ ಹೆಸರಿನ ನಡುವೆ. ಅಮೆರಿಕದಲ್ಲಿ ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಹೆಸರಿನ ಪರಕೀಯತೆಯ ಅಂತರ ಸುಮಾರು ಅರ್ಧ ಇಳಿದಿರುತ್ತಿತ್ತು, ನೂರು ವರ್ಷಗಳ ಹಿಂದೆಯೂ, ಈಚೆಗೂ.

ತಲೆಮಾರುಗಳು ದಾಟಿದಂತೆ ಮತ್ತೊಂದು ಬಗೆಯ ಜಾರಿಹೋಗುವಿಕೆ ಎದುರಾಗುತ್ತದೆ. ಬ್ರಯನ್ ಡಂಕನ್ ಮತ್ತು ಸ್ಟೀಫನ್ ಟ್ರೇಹೊ ಗಮನಿಸಿದಂತೆ, ಅಮೆರಿಕದಲ್ಲಿ ಮೆಕ್ಸಿಕನ್ ಮೂಲದವರಲ್ಲಿ ಹೆಚ್ಚು ಓದಿ ಮುಂದೆ ಬಂದವರು ಇತರರನ್ನು ಮದುವೆಯಾಗುವುದು ಹೆಚ್ಚು, ಅವರ ಮಕ್ಕಳಲ್ಲಿ ಹಲವರು ಸಮೀಕ್ಷೆಯಲ್ಲಿ ತಮ್ಮನ್ನು ಮೆಕ್ಸಿಕನ್ ಎಂದು ಬರೆಸುವುದಿಲ್ಲ. ಹೀಗೆ ಗೆದ್ದವರೇ ಪಟ್ಟಿಯಿಂದ ಮಾಯವಾಗುತ್ತಾರೆ. ಮೊದಲ ತಲೆಮಾರಿನಲ್ಲಿ ಸೋತವರು ಮರಳಿ ಹೋಗುವುದರಿಂದ ಪ್ರಗತಿ ಹೆಚ್ಚಾಗಿ ಕಾಣುತ್ತದೆ. ಮೂರನೆಯದರಲ್ಲಿ ಗೆದ್ದವರು ಕಾಣದಾಗುವುದರಿಂದ ಕಡಿಮೆಯಾಗಿ ಕಾಣುತ್ತದೆ.

ಇಷ್ಟೆಲ್ಲ ಅಳತೆಯ ಬಗ್ಗೆ ಒಳಗಿನಿಂದಲೇ ಆಕ್ಷೇಪ ಬಂದಿದೆ. ಡಚ್ ಸಮಾಜಶಾಸ್ತ್ರಜ್ಞ ವಿಲ್ಲೆಮ್ ಸ್ಖಿಂಕೆಲ್ ಕೇಳುವುದು: ಬೆರೆತಿದ್ದೀಯಾ ಎಂಬ ಪರೀಕ್ಷೆ ವಲಸಿಗನ ಮೊಮ್ಮಗನಿಗೂ ಏಕೆ? ಸ್ಥಳೀಯನೊಬ್ಬ ಕೆಲಸ ಕಳೆದುಕೊಂಡು ನೆರೆಯವರಿಂದ ದೂರವಾದರೆ ಅದನ್ನು ಬೆರೆಯುವಿಕೆಯ ಸೋಲು ಎಂದು ಯಾರೂ ಕರೆಯುವುದಿಲ್ಲ. ಅಲ್ಜೀರಿಯದಿಂದ ಫ್ರಾನ್ಸಿಗೆ ಬಂದ ಅಬ್ದೆಲ್‌ಮಲೆಕ್ ಸಯದ್ ಇದಕ್ಕೂ ಮೊದಲೇ, ಬಂದ ದೇಶದ ಕಣ್ಣಿನಿಂದ ಮಾತ್ರ ನೋಡುವವರಿಗೆ ವಲಸಿಗ ಬಿಟ್ಟುಬಂದ ದೇಶದಲ್ಲಿ ಆದ ಖಾಲಿ ಜಾಗ ಕಾಣುವುದಿಲ್ಲ ಎಂದು ಎಚ್ಚರಿಸಿದ್ದರು. ಅಳೆಯುವುದನ್ನೇ ಬಿಡಬೇಕು ಎಂಬ ತುದಿಗೆ ನಾನು ಹೋಗಲಾರೆ. ಅಳೆಯದಿದ್ದರೆ ಹೆಸರು ನೋಡಿ ಅರ್ಜಿ ಪಕ್ಕಕ್ಕಿಡುವ ಉದ್ಯೋಗದಾತನೂ ಬಯಲಾಗುವುದಿಲ್ಲ. ಓದು, ಅನುಭವ ಒಂದೇ ಇರುವ ಕೃತಕ ಅರ್ಜಿಗಳನ್ನು ಹೆಸರಷ್ಟೇ ಬದಲಿಸಿ ಕಳಿಸುವ ಪ್ರಯೋಗಗಳು ಹಲವು ದೇಶಗಳಲ್ಲಿ ಈ ತಾರತಮ್ಯವನ್ನು ಮತ್ತೆ ಮತ್ತೆ ತೋರಿಸಿವೆ.

ಸಯದ್ ಅವರ ಎಚ್ಚರಿಕೆಗೆ ಕೆಲಸದಲ್ಲೇ ಉತ್ತರ ಕೊಟ್ಟದ್ದು ಮೆಕ್ಸಿಕನ್ ವಲಸೆ ಯೋಜನೆ. ಕಾಗದಪತ್ರವಿಲ್ಲದೆ ಗಡಿ ದಾಟಿದವರು ಯಾವ ಸರ್ಕಾರಿ ದಾಖಲೆಯಲ್ಲೂ ಸರಿಯಾಗಿ ಸಿಗುವುದಿಲ್ಲ. ಸಿಕ್ಕರೆ ಅವರಿಗೇ ಅಪಾಯ, ಆದ್ದರಿಂದ ಹೆಸರು ಮುಚ್ಚಿಡುವುದು ಇಲ್ಲಿ ಶಿಷ್ಟಾಚಾರದ ಮಾತಲ್ಲ. ಮ್ಯಾಸ್ಸಿ ಮತ್ತು ಮೆಕ್ಸಿಕೋದ ಹೋರ್ಹೆ ದುರಾಂಡ್ 1982ರಿಂದ ನಡೆಸಿದ ಈ ಸಮೀಕ್ಷೆಯ ತಂಡ, ದುಡಿಯಲು ಹೋದವರು ಮನೆಗೆ ಬರುವ ಚಳಿಗಾಲದಲ್ಲಿ ಮೆಕ್ಸಿಕೋದ ಊರುಗಳಿಗೆ ಹೋಗಿ ಕುಳಿತು ಒಬ್ಬೊಬ್ಬರ ಪಯಣಗಳ ಇತಿಹಾಸವನ್ನು ಕೇಳಿ ಬರೆದುಕೊಂಡಿತು. ಅದೇ ಊರುಗಳಿಂದ ಹೋಗಿ ಅಮೆರಿಕದಲ್ಲೇ ನೆಲೆಸಿದವರನ್ನು ಅಲ್ಲಿಯೂ ಹುಡುಕಿ ಮಾತಾಡಿಸಿತು.

ದಶಕಗಳ ಆ ದಾಖಲೆಯಿಂದ ಹೊರಬಿದ್ದದ್ದು ಯಾರೂ ನಿರೀಕ್ಷಿಸದ ಚಿತ್ರ. 1986ರ ನಂತರ ಅಮೆರಿಕ ಗಡಿ ಕಾವಲಿಗೆ ಸುರಿಯುವ ಹಣವನ್ನು ಏರಿಸುತ್ತಲೇ ಹೋಯಿತು. ದಾಟುವುದು ದುಬಾರಿಯೂ ಅಪಾಯಕಾರಿಯೂ ಆಯಿತು, ಆದರೂ ಹೊರಡಲು ಮನಸ್ಸು ಮಾಡಿದವರು ಹೆಚ್ಚಾಗಿ ಹೊರಟೇ ಹೊರಟರು. ನಿಂತುಹೋದದ್ದು ಮರಳುವಿಕೆ. ಮೊದಲು ಒಂದಷ್ಟು ತಿಂಗಳು ದುಡಿದು ಊರಿಗೆ ಬಂದು, ಬೇಕಾದಾಗ ಮತ್ತೆ ಹೋಗುತ್ತಿದ್ದ ಗಂಡಸರು, ಇನ್ನೊಮ್ಮೆ ದಾಟುವುದು ಕಷ್ಟವೆಂದು ಅಲ್ಲೇ ಉಳಿದು ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು. ತಡೆಯಲೆಂದು ಬಿಗಿಗೊಳಿಸಿದ ಗಡಿಯೇ ಕಾಗದಪತ್ರವಿಲ್ಲದೆ ನೆಲೆಸಿದವರ ಸಂಖ್ಯೆಯನ್ನು ಬೆಳೆಸಿತು ಎಂಬುದು ಮ್ಯಾಸ್ಸಿ, ದುರಾಂಡ್ ಮತ್ತು ಕರೆನ್ ಪ್ರೆನ್ 2016ರಲ್ಲಿ ಮುಂದಿಟ್ಟ ತೀರ್ಮಾನ. ಅಮೆರಿಕದ ಕಡೆಯ ಅಂಕಿಗಳಲ್ಲಿ ಕಾಣುತ್ತಿದ್ದದ್ದು ಹೆಚ್ಚಾದ ಜನಸಂಖ್ಯೆ ಮಾತ್ರ. ಅದು ಬರುವವರು ಹೆಚ್ಚಿದ್ದರಿಂದಲೋ, ಹೋಗುವವರು ನಿಂತದ್ದರಿಂದಲೋ ಎಂಬುದು ಬೇರ್ಪಟ್ಟದ್ದು ಊರುಗಳಲ್ಲಿ ಬರೆದುಕೊಂಡ ಆ ಇತಿಹಾಸಗಳಿಂದ. ಹೆಸರುಗಳನ್ನು ತೆಗೆದ ಆ ದತ್ತಾಂಶವನ್ನು ಯಾವ ಸಂಶೋಧಕರಾದರೂ ಬಳಸಿ ಪರೀಕ್ಷಿಸಬಹುದಾದಂತೆ ತೆರೆದಿಟ್ಟಿದ್ದಾರೆ.